ಪುಣೆಯಲ್ಲೊಂದು ಖೋಲಿ

ಕೋರೆಗಾಂವ್ ಪಾರ್ಕಿನ ಕಡೆ ಹೋಗಿಬಂದವರು ಈಚೆಗೆ ಅಲ್ಲಿಯ ಕಟ್ಟಡಗಳ ಗೇಟಿನ ಮೇಲೆ ‘ಸ್ಟುಡಿಯೊ ಅಪಾರ್ಟ್‌ಮೆಂಟ್ ಬಾಡಿಗೆಗೆ ಇದೆ’ ಎಂಬ ಫಲಕಗಳನ್ನು ನೋಡಿರಬಹುದು. ಸ್ಟುಡಿಯೊ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಒಂದೋ ಫೋಟೊ ತೆಗೆಯುವ ಅಂಗಡಿ, ಇಲ್ಲವೆ ಸಿನೆಮಾ ತೆಗೆಯುವ ಜಾಗ. ಆ ಎರಡನೆಯ ಅರ್ಥದಲ್ಲಿ ಪುಣೆಗೆ ದೊಡ್ಡ ಪರಂಪರೆಯೇ ಇದೆ. 1933ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯು ಕೊಲ್ಹಾಪುರದಿಂದ ಇಲ್ಲಿಗೆ ಬಂದಿತು. ಅದೇ ಆವಾರದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಪ್ರಾರಂಭವಾಯಿತು. ನಮ್ಮ ಗಿರೀಶ ಕಾರ್ನಾಡರು 1974-75ರಲ್ಲಿ ಅದರ ನಿರ್ದೇಶಕರಾಗಿದ್ದರು, ಗಿರೀಶ ಕಾಸರವಳ್ಳಿಯವರು ಅಲ್ಲಿಯೇ ಕಲಿತರು. ಫಲಕದಲ್ಲಿರುವ ಸ್ಟುಡಿಯೊ ಬೇರೆ. ಒಂದೇ ಕೋಣೆ, ಅದರ ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಹಾಸಿಗೆ, ಬಚ್ಚಲು ಮಾತ್ರ ಪ್ರತ್ಯೇಕ. ಅಡಿಗೆಗೆ ಒಂದು ಗೋಡೆ ಅಡ್ಡ ಹಾಕಿ ಕೊಟ್ಟರೆ ಪುಣೆಯ ದಲಾಲರು ಅದನ್ನು ‘ವನ್ ಆರ್‌ಕೆ’ ಎನ್ನುತ್ತಾರೆ. ಗೋಡೆಯನ್ನು ತೆಗೆದು ಬಾಡಿಗೆಯನ್ನು ಏರಿಸಿದರೆ ಅದು ಸ್ಟುಡಿಯೊ ಆಗುತ್ತದೆ. ಎಪ್ಪತ್ತು ವರ್ಷಗಳ ಹಿಂದೆ ಈ ವಸ್ತುವಿಗೆ ಪುಣೆಯ ಮರಾಠಿಯಲ್ಲಿಯೂ ಧಾರವಾಡದ ಕನ್ನಡದಲ್ಲಿಯೂ ಇದ್ದ ಹೆಸರು ಒಂದೇ: ಖೋಲಿ.

ಈ ಖೋಲಿಯ ಇತಿಹಾಸವನ್ನು ವಾಚಕ ಬಾಂಧವರ ಮುಂದೆ ಇಡುವುದು ಈ ಲೇಖನದ ಉದ್ದೇಶ. ನಾವು ಓದಿದ್ದು ವಿಜ್ಞಾನ, ಮಾಡುತ್ತಿರುವುದು ಕೇಂದ್ರ ಸರಕಾರದ ಗುಮಾಸ್ತಿಕೆ. ಇತಿಹಾಸ ನಮ್ಮ ಕಸುಬಲ್ಲ. ಆದರೆ ಕಡತಗಳನ್ನೂ ಕಾಯಿದೆಗಳನ್ನೂ ಓದುವ ಅಭ್ಯಾಸ ಕೈಗೆ ಹತ್ತಿದೆ. ಪುಣೆಯ ಚರಿತ್ರೆಯೆಂದರೆ ಪೇಶ್ವೆಗಳು, ಶನಿವಾರವಾಡೆ, ಟಿಳಕರು ಎಂದು ಎಲ್ಲರೂ ಬರೆದಿದ್ದಾರೆ. ಹೊರಗಿನಿಂದ ಬಂದು ನೆಲೆ ನಿಂತ ನಮ್ಮಂಥವರ ಚರಿತ್ರೆ ಶುರುವಾಗುವುದು ಮಾತ್ರ ‘ಖೋಲಿ ಸಿಕ್ಕಿತೇ?’ ಎಂಬ ಪ್ರಶ್ನೆಯಿಂದ.

ಹಳೆಯ ಪುಣೆ ಪೇಠೆಗಳ ಊರು. ಕಸಬಾ ಪೇಠೆ ಎಲ್ಲಕ್ಕಿಂತ ಹಳೆಯದು. ಒಂದನೆಯ ಬಾಜೀರಾಯನು 1730-32ರಲ್ಲಿ ಶನಿವಾರವಾಡೆಯನ್ನು ಕಟ್ಟಿಸಿದ ಮೇಲೆ ಸರದಾರರು, ಸಾಹುಕಾರರು, ಕಾರಕೂನರು ಅದರ ಸುತ್ತಮುತ್ತ ವಾಡೆಗಳನ್ನು ಕಟ್ಟಿಕೊಂಡರು. ಪೇಠೆಗಳು ಒಂದೊಂದಾಗಿ ಬೆಳೆದವು. ಪಾಣಿಪತದಲ್ಲಿ ಮಡಿದ ಸದಾಶಿವರಾವ್ ಭಾವೂನ ಹೆಸರಿನ ಸದಾಶಿವ ಪೇಠೆ ಇಂದಿಗೂ ಪುಣೇಕರರ ಸ್ವಭಾವಕ್ಕೆ ಪರ್ಯಾಯ ಪದವಾಗಿದೆ. ವಾಡೆ ಎಂಬ ಮಾತು ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ದೇಸಾಯರ ಮನೆಗಳಿಗೂ ವಾಡೆ ಎಂದೇ ಹೆಸರು. ದೊಡ್ಡ ಬಾಗಿಲು, ಅದರಲ್ಲಿಯೇ ತಲೆ ಬಾಗಿಸಿ ಹೋಗುವ ದಿಂಡಿ ಬಾಗಿಲು, ಒಳಗೆ ಆಕಾಶಕ್ಕೆ ತೆರೆದ ಚೌಕು, ಚೌಕಿನ ಸುತ್ತ ನಾವು ಪಡಸಾಲೆ ಎನ್ನುವ ಓಸರಿ, ಮೇಲೆ ಮಾಳಿಗೆ. ಒಂದೇ ಕುಟುಂಬ ಇರಲೆಂದು ಕಟ್ಟಿದ್ದು ಇದು.

1818ರಲ್ಲಿ ಪೇಶ್ವಾಯಿ ಮುಗಿಯಿತು. ದರಬಾರು ಹೋದ ಮೇಲೆ ದರಬಾರಿನ ಅನ್ನ ಉಣ್ಣುತ್ತಿದ್ದವರ ಗತಿ ಏನು? ಮನೆ ದೊಡ್ಡದು, ಆದಾಯ ಸಣ್ಣದು. ಮುಂದಿನ ನೂರು ವರ್ಷಗಳಲ್ಲಿ ವಾಡೆಗಳು ನಿಧಾನವಾಗಿ ಹರಿದು ಹಂಚಿದವು. ಓಸರಿಗೆ ಹಲಗೆಯ ಗೋಡೆ ಬಂದಿತು, ಮಾಳಿಗೆಗೆ ಹೊರಗಿನಿಂದ ಏಣಿಮೆಟ್ಟಿಲು ಬಂದಿತು, ಕುದುರೆ ಕಟ್ಟುತ್ತಿದ್ದ ಪಾಗಾದಲ್ಲಿ ಸಂಸಾರ ಬಂದಿತು. ಬೆಂಗಳೂರು, ಮೈಸೂರಿನವರು ಬಲ್ಲ ವಠಾರಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಇಷ್ಟೇ: ವಠಾರವನ್ನು ಬಾಡಿಗೆಗೆಂದೇ ಕಟ್ಟಿಸಿದರು, ವಾಡೆ ಬಡತನದಿಂದ ವಠಾರವಾಯಿತು. ಬಾಡಿಗೆಗಿರುವುದು ಆಗ ಹೀನಾಯವೂ ಆಗಿರಲಿಲ್ಲ. ಸ್ವತಃ ಟಿಳಕರೇ 1905ರಲ್ಲಿ ಗಾಯಕವಾಡ ವಾಡೆಯನ್ನು ಕೊಳ್ಳುವ ಮುಂಚೆ ವಿಂಚೂರಕರರ ವಾಡೆಯಲ್ಲಿದ್ದರು.

ಈ ಖೋಲಿಗಳಿಗೆ ನಮ್ಮವರು ಬಂದದ್ದು ಮೊದಲು ವಿದ್ಯೆಗಾಗಿ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಆಗ ಮುಂಬಯಿ ಪ್ರಾಂತದಲ್ಲಿದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆದದ್ದು 1917ರಲ್ಲಿ. ಅದಕ್ಕಿಂತ ಮುಂಚೆ ಬಿ.ಎ. ಆಗಬೇಕೆಂದರೆ ಪುಣೆ, ಇಲ್ಲವೆ ಮುಂಬಯಿ. 1885ರಲ್ಲಿ ಆರಂಭವಾದ ಫರ್ಗ್ಯುಸನ್ ಕಾಲೇಜಿನಲ್ಲಿಯೇ ಆಲೂರು ವೆಂಕಟರಾಯರು ಕಲಿತರು. ಬೇಂದ್ರೆಯವರು 1918ರಲ್ಲಿ ಅಲ್ಲಿಂದಲೇ ಬಿ.ಎ. ಆದರು. ಬಂಧುಗಳಿದ್ದವರು ಬಂಧುಗಳ ಮನೆಯಲ್ಲಿ, ಇಲ್ಲದವರು ಇಬ್ಬರು ಮೂವರು ಸೇರಿ ಪೇಠೆಯಲ್ಲಿ ಒಂದು ಖೋಲಿ ಹಿಡಿದು, ಖಾನಾವಳಿಯಲ್ಲಿ ಎರಡು ಹೊತ್ತು ಉಂಡು ಓದಿದರು. ಕರ್ನಾಟಕ ಏಕೀಕರಣದ ವಿಚಾರ ಯಾವ ಯಾವ ಖೋಲಿಯ ಚಾಪೆಯ ಮೇಲೆ ಚರ್ಚೆಯಾಯಿತೋ ಯಾರು ಬರೆದಿಟ್ಟಿದ್ದಾರೆ?

ಈ ನಡುವೆ ಪ್ಲೇಗು ಬಂದಿತು. 1897ರ ಪ್ಲೇಗಿನಲ್ಲಿ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದ್ದು, ಜೂನ್ 22ರ ರಾತ್ರಿ ಚಾಫೇಕರ ಸಹೋದರರು ರ‍್ಯಾಂಡ್ ಸಾಹೇಬನಿಗೆ ಗುಂಡಿಕ್ಕಿದ್ದು ಎಲ್ಲರಿಗೂ ತಿಳಿದಿದೆ. ಮನೆಗಳ ಚರಿತ್ರೆಯಲ್ಲಿ ಪ್ಲೇಗಿನ ಪಾಠ ಬೇರೆ. ಗಾಳಿ ಬೆಳಕಿಲ್ಲದ ಪೇಠೆಯನ್ನು ಬಿಟ್ಟು ಹೊಳೆಯ ಆಚೆಗೆ ಹೋಗಬೇಕೆಂಬ ಬುದ್ಧಿ ಉಳ್ಳವರಿಗೆ ಆಗ ಹುಟ್ಟಿತು. 1906ರಲ್ಲಿ ಡೆಕ್ಕನ್ ಜಿಮಖಾನಾ ಸಂಸ್ಥೆ ಸ್ಥಾಪನೆಯಾಯಿತು. ಅದರ ಸುತ್ತ ಭಾಂಬುರ್ಡೆಯ ಹೊಲಗಳಲ್ಲಿ ಬಂಗಲೆಗಳು ಎದ್ದವು. ಇದೇ ರೀತಿ 1898ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳು ತುಂಬಿಕೊಂಡವು. ಇಂದು ಎಲ್ಲರೂ ಬಯಸುವ ಡೆಕ್ಕನ್, ಪ್ರಭಾತ್ ರಸ್ತೆ, ಎರಂಡವಣೆಗಳ ಮೂಲವನ್ನು ಕೆದಕಿದರೆ ಒಂದು ಇಲಿ ಸಿಕ್ಕುತ್ತದೆ ಎಂದರೆ ತಪ್ಪಲ್ಲ.

ವಿದ್ಯಾರ್ಥಿಗಳ ಬೆನ್ನಿಗೆ ನೌಕರದಾರರು ಬಂದರು. ಖಡಕಿಯ ಮದ್ದುಗುಂಡಿನ ಕಾರಖಾನೆ 1869ರಷ್ಟು ಹಳೆಯದು. ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂದಿತು. ಅದಕ್ಕೇ ಶಿವಾಜಿನಗರದ ಆ ಚೌಕಕ್ಕೆ ಜನ ‘ಸಿಮ್ಲಾ ಆಫೀಸ್’ ಎನ್ನುವುದು. ಸೈನ್ಯದ ದಕ್ಷಿಣ ಕಮಾಂಡು, ಅದರ ಲೆಕ್ಕಪತ್ರ ಕಚೇರಿಗಳು, ರೈಲ್ವೆ, ಅಂಚೆ. ಸ್ವಾತಂತ್ರ್ಯದ ನಂತರ 1950ರಲ್ಲಿ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆ, 1954ರಲ್ಲಿ ಪಿಂಪರಿಯ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್. ಇವೆಲ್ಲವುಗಳಲ್ಲಿ ಕನ್ನಡದವರು ಸೇರಿಕೊಂಡರು. ಉಡುಪಿ, ಕಾರ್ಕಳದ ಕಡೆಯವರು ಹೋಟೆಲುಗಳನ್ನು ತೆರೆದರು. ಫರ್ಗ್ಯುಸನ್ ರಸ್ತೆಯ ‘ವೈಶಾಲಿ’, ‘ರೂಪಾಲಿ’ಗಳನ್ನು ಬೆಳೆಸಿದ ಜಗನ್ನಾಥ ಶೆಟ್ಟರು 2023ರಲ್ಲಿ ತೀರಿಕೊಂಡಾಗ ಇಡೀ ಪುಣೆ ಮರುಗಿತು. ಆ ಕಾಲದ ಹೋಟೆಲಿನ ಹುಡುಗರಿಗೆ ಖೋಲಿಯ ಚಿಂತೆಯೇ ಇರಲಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿಕೊಂಡರೆ ಅದೇ ಮಂಚ.

ಇನ್ನು ಕಾಯಿದೆಯ ಮಾತು. ಇಲ್ಲಿ ಸ್ವಲ್ಪ ನಿಧಾನಿಸುವುದು ಅವಶ್ಯ, ಏಕೆಂದರೆ ಪುಣೆಯಲ್ಲಿ ಯಾರು ಉಳಿದರು, ಯಾರು ಹೊರಗೆ ನಿಂತರು ಎಂಬುದನ್ನು ನಿರ್ಣಯಿಸಿದ್ದು ಬಹುಮಟ್ಟಿಗೆ ಈ ಕಾಯಿದೆಯೇ. ಮೊದಲ ಮಹಾಯುದ್ಧದ ತುಟ್ಟಿಯ ಕಾಲದಲ್ಲಿ, 1918ರಲ್ಲಿಯೇ, ಮುಂಬಯಿ ಪ್ರಾಂತದ ಸರಕಾರ ಬಾಡಿಗೆಗೆ ಕಡಿವಾಣ ಹಾಕಿತ್ತು. ಎರಡನೆಯ ಯುದ್ಧದ ತರುವಾಯ ಬಂದಿತು 1947ರ ಮುಂಬಯಿ ಬಾಡಿಗೆ ಕಾಯಿದೆ. ಜಾರಿಯಾದದ್ದು 1948ರ ಫೆಬ್ರುವರಿ 13ರಂದು. ಅದರ ಸಾರ ಇಷ್ಟು: 1940ರ ಸೆಪ್ಟೆಂಬರ್ 1ರಂದು ಮನೆಗೆ ಎಷ್ಟು ಬಾಡಿಗೆ ಇತ್ತೋ ಅದೇ ಅದರ ಪ್ರಮಾಣ ಬಾಡಿಗೆ; ಆಮೇಲೆ ಬಾಡಿಗೆಗೆ ಕೊಟ್ಟ ಮನೆಗಾದರೆ ಮೊದಲ ಸಲ ಕೊಟ್ಟಾಗಿನ ಬಾಡಿಗೆ. ಅದನ್ನು ಮೀರಿ ಕೇಳುವಂತಿಲ್ಲ. ಬಾಡಿಗೆ ಕೊಡುತ್ತ ನಿಯಮದಿಂದ ಇರುವವನನ್ನು ಕಾಯಿದೆ ಹೇಳಿದ ಕೆಲವು ಕಾರಣಗಳಿಲ್ಲದೆ ಎಬ್ಬಿಸುವಂತಿಲ್ಲ. ಪಗಡಿಯ ಹೆಸರಿನಲ್ಲಿ ಇಡುಗಂಟು ತೆಗೆದುಕೊಳ್ಳುವುದು ಅಪರಾಧ. ಧಾರವಾಡ, ಬೆಳಗಾವಿಯ ಬಾಡಿಗೆದಾರರಿಗೂ ಆಗ ಇದೇ ಕಾಯಿದೆ. 1961ರಲ್ಲಿ ಅಲ್ಲಿಗೆ ಬೇರೆ ಕಾಯಿದೆ ಬಂದಿತು. 1956ರ ನವೆಂಬರ್ 1ರಂದು ಪುಣೆಯ ಖೋಲಿಯಲ್ಲಿದ್ದ ಧಾರವಾಡದ ಗುಮಾಸ್ತನು ಮಲಗಿ ಏಳುವಷ್ಟರಲ್ಲಿ ಪರರಾಜ್ಯದವನಾದ. ಆದರೂ ಕಾಯಿದೆಯ ದೆಸೆಯಿಂದ ಅವನ ಖೋಲಿ ಅವನ ಕೈಯಲ್ಲಿಯೇ ಉಳಿಯಿತು.

ಇದು ಸಣ್ಣ ಉಪಕಾರವಲ್ಲ. ಹದಿನೈದು ಇಪ್ಪತ್ತು ರೂಪಾಯಿ ಬಾಡಿಗೆಯ ಒಂದು ಖೋಲಿಯಲ್ಲಿ ಮೂರು ಮಕ್ಕಳನ್ನು ಓದಿಸಿ, ಒಬ್ಬನನ್ನು ಇಂಜಿನಿಯರ್ ಮಾಡಿ, ಮಗಳ ಮದುವೆ ಮಾಡಿದ ಹಿರಿಯರು ನಮ್ಮ ಸಂಘದಲ್ಲಿ ಬಹಳ ಮಂದಿ. ಬಾಡಿಗೆ ಏರದಿದ್ದುದರಿಂದಲೇ ಅದು ಸಾಧ್ಯವಾಯಿತು. ನಾರಾಯಣ ಪೇಠೆಯ ವಾಡೆಯೊಂದರಲ್ಲಿ ಸಂಸಾರ ಹೂಡಿದ್ದ ಹಿರಿಯಮ್ಮ ಒಬ್ಬರು ಒಮ್ಮೆ ನಮ್ಮ ಮುಂದೆ ಹೇಳಿದರು: “ಮರಾಠಿ ನಾ ಸಾಲ್ಯಾಗ ಕಲೀಲಿಲ್ಲ ತಮ್ಮಾ. ಚೌಕದಾಗ ಒಂದ ನಳ, ಹದಿನಾಕ ಬಿಡಾರ. ಕೊಡಪಾನ ಹಿಡಕೊಂಡು ಸರತಿ ನಿಂತಾಗ ಕಲತೆ. ಮೊದಲ ಜಗಳಾಡೋದು ಕಲತೆ, ಆಮ್ಯಾಲ ಮಾತಾಡೋದು.” ಗಣಪತಿ ಹಬ್ಬದ ಮೋದಕವೂ ಎಳ್ಳಮಾವಾಸ್ಯೆಯ ಕಡಬೂ ಅದೇ ಚೌಕಿನಲ್ಲಿ ಅದಲು ಬದಲಾದವು. ಹೆರಿಗೆಯಾದರೆ ಪಕ್ಕದ ಬಿಡಾರದ ಕಾಕೂ ಬಂದು ಬಿಸಿನೀರು ಕಾಸಿದರು. ಶೌಚಕ್ಕೆ ಬೆಳಗಿನ ಸಾಲು, ಮಳೆಗಾಲದ ಸೋರುಹಂಚು, ಮಲಗಿದರೆ ಒಬ್ಬರ ಕಾಲು ಒಬ್ಬರ ತಲೆಗೆ, ಇವನ್ನೂ ಮರೆಯಬಾರದು. ಹಳೆಯ ವಾಡೆಯನ್ನು ಈಗ ಹಾಡಿ ಹೊಗಳುವವರಲ್ಲಿ ಆ ಸಾಲಿನಲ್ಲಿ ನಿಂತವರು ಕಡಿಮೆ.

ಈ ಖೋಲಿ ಎಲ್ಲ ಕನ್ನಡಿಗರಿಗೂ ಸಿಗುತ್ತಿತ್ತೇ? ಸಂಕೋಚವಿಲ್ಲದೆ ಹೇಳಬೇಕೆಂದರೆ, ಇಲ್ಲ. ಮಾಲಕರು ಮೊದಲು ಕೇಳುತ್ತಿದ್ದುದು ಅಡ್ಡಹೆಸರು. ಜೋಶಿ, ಕುಲಕರ್ಣಿ, ದೇಶಪಾಂಡೆ ಎಂದರೆ ಭಾಷೆ ಯಾವುದಾದರೂ ಬಾಗಿಲು ಅರ್ಧ ತೆರೆಯಿತು. ಪಾಟೀಲ ಎಂದರೆ ಇನ್ನೊಂದು ಪ್ರಶ್ನೆ. ಶೆಟ್ಟಿ, ಗೌಡ ಎಂದರೆ ಊಟದ ಪ್ರಶ್ನೆ. ಇನ್ನು ಕೆಲವು ಅಡ್ಡಹೆಸರುಗಳನ್ನು ಕೇಳಿದ ಕೂಡಲೇ ಖೋಲಿ ‘ನಿನ್ನೆಯೇ ಹೋಯಿತು’. ಅವರು ರಾಸ್ತಾ ಪೇಠೆ, ಕ್ಯಾಂಪು, ಖಡಕಿ, ವಾನವಡಿಯ ಕಡೆಗೆ ಸರಿದರು. ಪುಣೆಯ ಕನ್ನಡಿಗರು ಯಾವ ಯಾವ ಭಾಗದಲ್ಲಿ ನೆಲೆಸಿದರು ಎಂಬುದರ ನಕ್ಷೆ ಬರೆದರೆ ಅದರಲ್ಲಿ ಕಚೇರಿಯ ದೂರಕ್ಕಿಂತ ಅಡ್ಡಹೆಸರಿನ ಗುರುತು ಹೆಚ್ಚು ಕಾಣುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಬಾಡಿಗೆಯ ಹಂಗೇ ಬೇಡವೆಂದು ಬೇರೆ ದಾರಿ ಹಿಡಿದವರೂ ನಮ್ಮ ಕಡೆಯವರೇ. 1909ರಲ್ಲಿ ಬೆಂಗಳೂರಿನಲ್ಲಿ ಗೃಹನಿರ್ಮಾಣದ ಸಹಕಾರ ಸಂಘವೊಂದು ಹುಟ್ಟಿತು. 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಕೆನರಾ ಮೂಲದ ಸಾರಸ್ವತರು ಕೂಡಿ ಸಹಕಾರಿ ಗೃಹಸಂಘವನ್ನು ಕಟ್ಟಿದರು. ಅದರ ಮುಂದಾಳು ಶ್ರೀಪಾದ ಸುಬ್ರಾವ್ ತಾಲ್ಮಕಿ. ಮನೆ ಸಂಘದ್ದು, ಇರುವವರು ಸಂಘದ ಸದಸ್ಯರು, ಬಾಡಿಗೆ ತಮಗೆ ತಾವೇ ಕೊಟ್ಟಂತೆ. ಇಂದು ಪುಣೆಯಲ್ಲಿ ಗಲ್ಲಿಗಲ್ಲಿಗೂ ಇರುವ ‘ಸೊಸಾಯಿಟಿ’ ಎಂಬ ಶಬ್ದದ ಹಿಂದೆ ಈ ತಾಲ್ಮಕಿಯವರ ಶ್ರಮವಿದೆ. ಸೊಸಾಯಿಟಿಯ ಸಭೆಯಲ್ಲಿ ಪಾರ್ಕಿಂಗಿಗಾಗಿ ಕಿತ್ತಾಡುವಾಗ ನಮ್ಮವರು ಒಮ್ಮೆ ಅವರನ್ನು ನೆನೆದರೆ ಒಳ್ಳೆಯದು.

1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಖಡಕವಾಸಲೆಯ ಅಣೆಕಟ್ಟೂ ಒಡೆದು ಮುಠಾ ಹೊಳೆ ಪೇಠೆಗಳಿಗೆ ನುಗ್ಗಿತು. ಮಣ್ಣು, ಇಟ್ಟಿಗೆ, ಸಾಗವಾನಿ ಕಂಬಗಳ ವಾಡೆಗಳು ನೀರಿನಲ್ಲಿ ಕೂತು ಕುಸಿದವು. ನಾರಾಯಣ, ಶನಿವಾರ, ಕಸಬಾ ಪೇಠೆಗಳ ಹೊಳೆದಂಡೆಯಲ್ಲಿ ಖೋಲಿಯಿದ್ದವರು ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಮನೆಯ ಜೊತೆಗೆ ಬಾಡಿಗೆಯ ಹಕ್ಕೂ ಕೊಚ್ಚಿಹೋಯಿತು. ಗೋಡೆಯೇ ಇಲ್ಲವೆಂದ ಮೇಲೆ ಪ್ರಮಾಣ ಬಾಡಿಗೆ ಯಾತಕ್ಕೆ? ಗೋಖಲೆನಗರದಂಥ ಬಡಾವಣೆಗಳು ಹುಟ್ಟಿದ್ದು ಈ ನಿರಾಶ್ರಿತರಿಗಾಗಿ. ಉಳ್ಳವರು ಕರ್ವೆ ರಸ್ತೆ, ಎರಂಡವಣೆಯ ಕಡೆ ಫ್ಲ್ಯಾಟು ನೋಡತೊಡಗಿದರು. 1963ರಲ್ಲಿ ಮಹಾರಾಷ್ಟ್ರದಲ್ಲಿ ಓನರ್‌ಶಿಪ್ ಫ್ಲ್ಯಾಟುಗಳ ಕಾಯಿದೆಯೇ ಬಂದಿತು. ಕಟ್ಟುವವರು ಮಾರುವುದಕ್ಕಾಗಿ ಕಟ್ಟಿದರು. ಬಾಡಿಗೆಗಾಗಿ ಕಟ್ಟುವವರು ಇಲ್ಲದಾದರು. ಯಾಕೆ ಕಟ್ಟಿಯಾರು? ಇಂದು ಕೊಟ್ಟ ಬಾಡಿಗೆ ಮೊಮ್ಮಕ್ಕಳ ಕಾಲಕ್ಕೂ ಅಷ್ಟೇ ಎಂದ ಮೇಲೆ ಆ ವ್ಯಾಪಾರವನ್ನು ಮಾಡುವ ಮೂರ್ಖ ಯಾರು?

ಮನೆಯವರು ಉಪಾಯವೊಂದನ್ನು ಕಂಡುಕೊಂಡಿದ್ದರು. ಬಾಡಿಗೆ ಎನ್ನದೆ ‘ಲೀವ್ ಅಂಡ್ ಲೈಸೆನ್ಸ್’ ಎಂದು ಬರೆದುಕೊಡುವುದು. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ ಲೈಸೆನ್ಸ್ ಎಂದರೆ ಬರಿಯ ಅನುಮತಿ; ಜಾಗದಲ್ಲಿ ಹಕ್ಕಿಲ್ಲ. ‘ನನ್ನ ಜಾಗದಲ್ಲಿ ಹನ್ನೊಂದು ತಿಂಗಳು ಇರಲು ನಿನಗೆ ಅಪ್ಪಣೆ’ ಎಂದಷ್ಟೇ. ಹನ್ನೊಂದೇ ಯಾಕೆಂದರೆ, ವರ್ಷ ಮೀರಿದ ಗೇಣಿ ಕರಾರನ್ನು 1908ರ ರಿಜಿಸ್ಟ್ರೇಶನ್ ಕಾಯಿದೆಯ ಮೇರೆಗೆ ನೋಂದಾಯಿಸಲೇಬೇಕು. ಸರಕಾರ ಇದನ್ನು ನೋಡಿ ಸುಮ್ಮನಿರಲಿಲ್ಲ. 1973ರಲ್ಲಿ ತಿದ್ದುಪಡಿ ಮಾಡಿ, ಆ ವರ್ಷದ ಫೆಬ್ರುವರಿ 1ರಂದು ಹೀಗೆ ಲೈಸೆನ್ಸಿನ ಮೇಲೆ ಖೋಲಿಯಲ್ಲಿದ್ದವರೆಲ್ಲರೂ ಬಾಡಿಗೆದಾರರೇ ಎಂದು ಸಾರಿತು. ಒಳಗಿದ್ದವರಿಗೆ ಹಬ್ಬವಾಯಿತು. ಹೊರಗಿನವರಿಗೆ? ಮನೆಯವರು ಬೆದರಿ ಬೀಗ ಹಾಕಿದರು. ಖಾಲಿ ಬಿದ್ದರೂ ಸರಿ, ಕೊಟ್ಟರೆ ಹೋಯಿತು ಎಂಬ ಮಾತು ಆಗಿನಿಂದ ಪುಣೆಯಲ್ಲಿ ನೆಲೆಯೂರಿತು. ಕೊಟ್ಟರೆ ಬ್ಯಾಂಕಿನವರಿಗೆ, ಕಂಪನಿಗಳಿಗೆ, ವರ್ಗವಾಗಿ ಹೋಗುವವರಿಗೆ. ಎಂಬತ್ತರ ದಶಕದಲ್ಲಿ ವರ್ಗವಾಗಿ ಬಂದ ಕನ್ನಡ ಗುಮಾಸ್ತರು ಆರಾರು ತಿಂಗಳು ಲಾಡ್ಜಿನಲ್ಲಿ, ಸಂಬಂಧಿಕರ ಹಜಾರದಲ್ಲಿ ಕಾಲ ಕಳೆದ ಕಥೆಗಳು ನಮ್ಮ ಕಚೇರಿಯಲ್ಲಿ ಇನ್ನೂ ಹಳತಾಗಿಲ್ಲ.

ಕೋರೆಗಾಂವ್ ಪಾರ್ಕು ಫ್ಯಾಷನ್ನಿನ ಜಾಗವಾದದ್ದು ಇದೇ ಕಾಲದಲ್ಲಿ. ಮುಂಬಯಿಯ ಗವರ್ನರು ಮಳೆಗಾಲವನ್ನು ಪುಣೆಯ ಗಣೇಶಖಿಂಡದ ಬಂಗಲೆಯಲ್ಲಿ ಕಳೆಯುತ್ತಿದ್ದ ದಿನಗಳಲ್ಲಿ ಅವನ ಹಿಂದೆ ಸಂಸ್ಥಾನಿಕರೂ ಮುಂಬಯಿಯ ಸಾಹುಕಾರರೂ ಕುದುರೆ ಜೂಜಿನ ನೆಪದಲ್ಲಿ ಬರುತ್ತಿದ್ದರು. ಅಂಥವರ ವಿಶಾಲ ಬಂಗಲೆಗಳ ಬಡಾವಣೆ ಇದು. ಆಲದ ಮರಗಳು, ಉದ್ದನ್ನ ಗಲ್ಲಿಗಳು, ಜನವಿಲ್ಲದ ಮನೆಗಳು. 1974ರಲ್ಲಿ ರಜನೀಶರು ಅಲ್ಲಿ ಆಶ್ರಮ ತೆರೆದರು. ದೇಶವಿದೇಶದ ಶಿಷ್ಯರು ಬಂದು ಸುತ್ತಲಿನ ಬಂಗಲೆಗಳಲ್ಲಿ ಒಂದೊಂದು ಕೋಣೆಯನ್ನು ತಿಂಗಳ ಲೆಕ್ಕದಲ್ಲಿ ಹಿಡಿದರು. ಆಶ್ರಮದ ವಿಚಾರ ನಮಗೆ ಬೇಡ. ಬಾಡಿಗೆಯ ದೃಷ್ಟಿಯಿಂದ ನೋಡಿದರೆ ಇವರು ಮಾಲಕರ ಪಾಲಿಗೆ ದೇವರು ಕಳಿಸಿದ ಬಿಡಾರದವರು: ಕೇಳಿದಷ್ಟು ಕೊಡುತ್ತಾರೆ, ವೀಸಾ ಮುಗಿದ ಕೂಡಲೇ ತಾವಾಗಿಯೇ ಹೊರಡುತ್ತಾರೆ, ಕೋರ್ಟಿಗೆ ಹೋಗಿ ಪ್ರಮಾಣ ಬಾಡಿಗೆ ಕೇಳುವುದಿಲ್ಲ. 1981ರಲ್ಲಿ ರಜನೀಶರು ಅಮೆರಿಕೆಗೆ ಹೋದರು, 1987ರಲ್ಲಿ ಮರಳಿ ಬಂದರು, 1990ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಒಂದೇ ಕೋಣೆಗೆ ಇಡೀ ಮನೆಯ ಬಾಡಿಗೆ ಎಂಬ ಪದ್ಧತಿ ಆ ಗಲ್ಲಿಗಳಲ್ಲಿ ಬೇರು ಬಿಟ್ಟಿತ್ತು. ಇಂದಿನ ಸ್ಟುಡಿಯೊದ ಅಜ್ಜನನ್ನು ಅಲ್ಲಿಯೇ ಹುಡುಕಬೇಕು ಎಂದು ನಮಗೆ ತೋರುತ್ತದೆ.

1947ರ ಕಾಯಿದೆಯನ್ನು ಕೊನೆಗೆ ಅಲುಗಿಸಿದ ಮೊಕದ್ದಮೆಯ ಹೆಸರನ್ನು ಓದಿದಾಗ ನಮಗೆ ಕಚೇರಿಯಲ್ಲಿ ಕೂತೇ ನಗು ಬಂದಿತು: ‘ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರಕಾರ’. ಮಹಾರಾಷ್ಟ್ರದ ಬಾಡಿಗೆಯ ಇತಿಹಾಸದ ನಟ್ಟನಡುವೆ ನಮ್ಮ ಉಡುಪಿಯ ಬಂದರಿನ ಹೆಸರು! 1997ರ ಡಿಸೆಂಬರ್ 19ರಂದು ಸುಪ್ರೀಮ್ ಕೋರ್ಟು, 1940ರ ಬಾಡಿಗೆಯನ್ನು ಇಷ್ಟು ಕಾಲದ ಮೇಲೂ ಹಾಗೆಯೇ ಹೆಪ್ಪುಗ��್ಟಿಸಿಡುವುದು ನ್ಯಾಯಯುತವಲ್ಲ ಎಂದಿತು. ಸರಕಾರ ಹೊಸ ಕಾಯಿದೆ ತರಬೇಕಾಯಿತು. ಅದೇ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ. 2000ದ ಮಾರ್ಚ್ 31ರಿಂದ ಜಾರಿಗೆ ಬಂದಿತು. ಹಳೆಯ ಬಾಡಿಗೆದಾರರ ರಕ್ಷಣೆ ಮುಂದುವರಿಯಿತು, ಆದರೆ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಾಡಿಗೆ ಏರಿಸಬಹುದು. ಲೈಸೆನ್ಸಿನ ಮೇಲೆ ಬಂದವನಿಗೆ ಅವಧಿ ಮುಗಿದ ದಿನ ಇರುವ ಹಕ್ಕು ಮುಗಿಯಿತು. ಬಿಡದೆ ಕೂತರೆ ದುಪ್ಪಟ್ಟು ಹಣ ತೆರಬೇಕು.

ಲೆಕ್ಕ ಹಾಕಿ ನೋಡೋಣ. ವಿಜ್ಞಾನ ಓದಿದ್ದು ಇಷ್ಟಕ್ಕಾದರೂ ಉಪಯೋಗವಾಗಲಿ. 2000ದಲ್ಲಿ 20 ರೂಪಾಯಿ ಬಾಡಿಗೆಯಿದ್ದ ಹಳೆಯ ಖೋಲಿಗೆ ವರ್ಷಕ್ಕೆ ನಾಲ್ಕು ಶೇಕಡದಂತೆ, ಚಕ್ರಬಡ್ಡಿಯ ಲೆಕ್ಕದಲ್ಲಿಯೇ ಏರಿಸಿದರೂ, 2025ಕ್ಕೆ ಆಗುವುದು ಸುಮಾರು 53 ರೂಪಾಯಿ. ಎರಡು ಮಸಾಲೆ ದೋಸೆಗೂ ಸಾಲದು. ಅದೇ ಓಣಿಯ ಹೊಸ ಕಟ್ಟಡದಲ್ಲಿ ಲೈಸೆನ್ಸಿನ ಮೇಲೆ ಬಂದವನು ಪ್ರತಿ ನವೀಕರಣಕ್ಕೆ ಶೇಕಡಾ ಹತ್ತು ಹೆಚ್ಚು ಕೊಡುತ್ತಾನೆಂದರೆ ಏಳು ವರ್ಷ ಚಿಲ್ಲರೆಯಲ್ಲಿ ಬಾಡಿಗೆ ಇಮ್ಮಡಿಯಾಗುತ್ತದೆ. ಒಂದೇ ಗೋಡೆಯ ಈಚೆ 1940, ಆಚೆ ಇಂದಿನ ಪೇಟೆ ಧಾರಣೆ. 53 ರೂಪಾಯಿಯಲ್ಲಿ ಮಾಲಕನು ಹಂಚು ಬದಲಿಸುವನೇ? ಹಾಗಾಗಿ ಪ್ರತಿ ಮಳೆಗಾಲಕ್ಕೂ ಅಪಾಯಕರ ವಾಡೆಗಳಿಗೆ ಮಹಾನಗರಪಾಲಿಕೆ ನೋಟೀಸು ಹಚ್ಚುತ್ತದೆ. ಒಳಗಿರುವ ಮುದುಕರು ಹಕ್ಕು ಹೋದೀತೆಂಬ ಭಯದಿಂದ ಕದಲುವುದಿಲ್ಲ.

ನಮ್ಮ ತೀರ್ಮಾನವನ್ನು ಮುಚ್ಚಿಡುವುದಿಲ್ಲ. ಹಳೆಯ ಕಾಯಿದೆ ಒಳಗೆ ಬಂದವನನ್ನು ಕಾಯಿತು. ಬಾಗಿಲಲ್ಲಿ ನಿಂತವನಿಗೆ ಬಾಗಿಲು ಮುಚ್ಚಿತು. ಹೊಸದು ಬಾಗಿಲು ತೆರೆಯಿತು. ಒಳಗೆ ಬಂದವನಿಗೆ ಕುಳಿತುಕೊಳ್ಳಲು ಬಿಡಲಿಲ್ಲ. ಇಪ್ಪತ್ತು ವರ್ಷ ಒಂದೇ ಚೌಕಿನಲ್ಲಿ ನೀರು ಹಿಡಿದವರು ಆ ಓಣಿಯವರಾದರು. ಹನ್ನೊಂದು ತಿಂಗಳಿಗೊಮ್ಮೆ ಗಂಟು ಕಟ್ಟುವ ಹುಡುಗನಿಗೆ ಪಕ್ಕದ ಮನೆಯ ಹೆಸರೂ ಗೊತ್ತಿಲ್ಲ. ಕನ್ನಡ ಸಂಘಕ್ಕೆ ಅವನು ಬರುವುದಿಲ್ಲವೆಂದು ನಾವು ದೂರುತ್ತೇವೆ. ಅವನ ವಿಳಾಸ ಬರೆದುಕೊಂಡು ಆಮಂತ್ರಣ ಕಳಿಸುವ ಹೊತ್ತಿಗೆ ಅವನು ಬಾಣೇರದಿಂದ ಖರಾಡಿಗೆ ಹೋಗಿರುತ್ತಾನೆ.

ಇಲ್ಲಿ ಇನ್ನೊಂದು ಮಾತು. ಇನ್ಫೋಸಿಸ್ ಸಂಸ್ಥೆ 1981ರ ಜುಲೈ 2ರಂದು ಸ್ಥಾಪನೆಯಾದದ್ದು ಪುಣೆಯಲ್ಲಿ, ಸುಧಾ ಮೂರ್ತಿಯವರು ಕೊಟ್ಟ ಹತ್ತು ಸಾವಿರ ರೂಪಾಯಿಗಳಿಂದ. 1983ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಎರಡು ಸಾವಿರದ ಇಸವಿಯ ನಂತರ ಹಿಂಜವಡಿ ಬೆಳೆದ ಮೇಲೆ ಹುಬ್ಬಳ್ಳಿ, ದಾವಣಗೆರೆ, ಮಂಗಳೂರಿನ ಹುಡುಗ ಹುಡುಗಿಯರು ಈ ದಿಕ್ಕಿಗೆ ಹೊರಳಿದರು. ಅವರು ಕೇಳುವುದೂ ಅದೇ ಖೋಲಿ. ಪೇಠೆಯಲ್ಲಿ ಸ್ಪರ್ಧಾ ಪರೀಕ್ಷೆಗೆ ಓದುವವರಿಗೆ ಅದೂ ಇಲ್ಲ. ಅವರಿಗೆ ‘ಕಾಟ್ ಬೇಸಿಸ್’, ಅಂದರೆ ಒಂದು ಮಂಚದ ಬಾಡಿಗೆ. ಸಂಬಳ ಚೆನ್ನಾಗಿರುವವರು ಕೋರೆಗಾಂವ್ ಪಾರ್ಕಿನ ಸ್ಟುಡಿಯೊ ಹಿಡಿಯುತ್ತಾರೆ. ನಮ್ಮಂಥ ಗುಮಾಸ್ತರಿಗೆ ಅದು ದೂರದ ಬೆಟ್ಟ. ಪುಣೆ 2015ರ ಏಪ್ರಿಲ್‌ನಿಂದ ಎಕ್ಸ್ ದರ್ಜೆಯ ನಗರ. ಏಳನೆಯ ವೇತನ ಆಯೋಗದ ಪ್ರಕಾರ 2024ರ ಜನವರಿಯಿಂದ ಮನೆಬಾಡಿಗೆ ಭತ್ತೆ ಮೂಲ ವೇತನದ ನೂರಕ್ಕೆ ಮೂವತ್ತು. 25,500 ರೂಪಾಯಿ ಮೂಲ ವೇತನದ ಅಪ್ಪರ್ ಡಿವಿಜನ್ ಗುಮಾಸ್ತನಿಗೆ ಅದು 7,650 ರೂಪಾಯಿ. ಆ ಗಲ್ಲಿಯ ಒಂದು ಕೋಣೆ ಅದರ ಎರಡು ಮೂರು ಪಟ್ಟು ಕೇಳುತ್ತದೆ.

ಆ ಸ್ಟುಡಿಯೊಗಳನ್ನು ಕಟ್ಟುತ್ತಿರುವವರಲ್ಲಿಯೂ ಕನ್ನಡಿಗರಿದ್ದಾರೆ ಎಂಬುದನ್ನು ನಮ್ಮ ಪತ್ರಿಕೆಯಲ್ಲಿ ಹೇಳದಿದ್ದರೆ ಇನ್ನೆಲ್ಲಿ ಹೇಳಬೇಕು? ಯಾವುದೇ ಹೊಸ ಕಟ್ಟಡದ ಮುಂದೆ ಸಂಜೆ ಸ್ವಲ್ಪ ಹೊತ್ತು ನಿಲ್ಲಿ. ಕಲಬುರ್ಗಿ, ಯಾದಗಿರಿ, ವಿಜಯಪುರದ ಮಾತು ಕಿವಿಗೆ ಬೀಳುತ್ತದೆ. ತಗಡಿನ ಗೋಡೆ, ತಗಡಿನ ಮಾಡು, ಒಂದೇ ಕೋಣೆ, ಒಂದು ಮೂಲೆಯಲ್ಲಿ ಒಲೆ. ಕಟ್ಟಡ ಮುಗಿದ ದಿನ ಅದನ್ನೂ ಬಿಚ್ಚಿ ಲಾರಿಗೆ ಹೇರುತ್ತಾರೆ. ಅವರಿಗೆ ಹನ್ನೊಂದು ತಿಂಗಳ ಕಾಗದವೂ ಇಲ್ಲ.

ಮಾಲಕರ ಕಡೆಗೂ ಈಗ ನಮ್ಮವರು ಸೇರಿದ್ದಾರೆ. ಖೋಲಿಯಿಂದ ಏರಿ ಫ್ಲ್ಯಾಟು ಕೊಂಡು, ಎರಡನೆಯದನ್ನೂ ಕೊಂಡು ಬಾಡಿಗೆಗೆ ಕೊಡುವ ಕನ್ನಡ ಕುಟುಂಬಗಳು ಕೋಥರೂಡ, ಔಂಧಗಳಲ್ಲಿ ಬೇಕಾದಷ್ಟಿವೆ, ಸಂತೋಷವೇ. ಆದರೆ ಬಾಡಿಗೆ ಕೇಳಿ ಬಂದ ಕನ್ನಡದ ಹುಡುಗನಿಗೆ ಅವರು ಹಾಕುವ ಪ್ರಶ್ನೆಗಳನ್ನು ನಾವು ಕಿವಿಯಾರೆ ಕೇಳಿದ್ದೇವೆ. ಅಡ್ಡಹೆಸರೇನು, ಮಾಂಸ ಮೀನು ತಿನ್ನುತ್ತೀರಾ, ಮದುವೆಯಾಗಿದೆಯೇ. ತಂದೆಯವರು ಸದಾಶಿವ ಪೇಠೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಪ್ರಶ್ನೆಗಳೇ ಇವು. ಈಗ ಕನ್ನಡದಲ್ಲಿ ಕೇಳಿಬರುತ್ತವೆ, ಅಷ್ಟೇ.

ಹೊಸದಾಗಿ ಬಂದವರಿಗೆ ಕಾಯಿದೆಯಲ್ಲಿರುವ ಒಂದೆರಡು ಅನುಕೂಲಗಳನ್ನು ತಿಳಿಸಿಬಿಡುತ್ತೇವೆ. ಬೇರೆ ಕಡೆ ಹೇಗೋ, ಮಹಾರಾಷ್ಟ್ರದಲ್ಲಿ ಹನ್ನೊಂದು ತಿಂಗಳದಾದರೂ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. 1999ರ ಕಾಯಿದೆಯ 55ನೆಯ ಕಲಮು. ನೋಂದಾಯಿಸುವ ಜವಾಬ್ದಾರಿ ಮಾಲಕನದು. ತಪ್ಪಿದರೆ ಅವನಿಗೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಲಿಖಿತ ಕರಾರು ಇಲ್ಲದಿದ್ದರೆ ಶರತ್ತುಗಳ ವಿಷಯದಲ್ಲಿ, ಮಾಲಕನು ಬೇರೆ ರುಜುವಾತು ಕೊಡುವವರೆಗೆ, ಬಾಡಿಗೆದಾರನ ಮಾತೇ ನಡೆಯುತ್ತದೆ. ಡಿಪಾಜಿಟ್ಟಿನ ಮೊತ್ತವನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಿ. 2010ರ ಫೆಬ್ರುವರಿ 13ರಂದು ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಸ್ಫೋಟವಾದ ಮೇಲೆ ಬಾಡಿಗೆದಾರರ ಮಾಹಿತಿಯನ್ನು ಪೊಲೀಸ್ ಠಾಣೆಗೆ ಕೊಡುವ ವಿಷಯದಲ್ಲಿಯೂ ಬಿಗಿ ಬಂದಿದೆ, ಅದಕ್ಕೆ ಹೆದರಬೇಕಾದ್ದಿಲ್ಲ.

ಕೊನೆಯದಾಗಿ ಹಿರಿಯ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಪೆಟ್ಟಿಗೆಯ ತಳದಲ್ಲಿ ಪೇಠೆಯ ದಿನಗಳ ಬಾಡಿಗೆ ಪಾವತಿಗಳು, ವಾಡೆಯ ಮಾಲಕರು ಬರೆದುಕೊಟ್ಟ ಚೀಟಿಗಳು, ಪಾನಶೇತ ಪ್ರವಾಹದ ತರುವಾಯದ ಕಾಗದಗಳು ಇದ್ದರೆ ರದ್ದಿಗೆ ಹಾಕಬೇಡಿ. ಸಂಪಾದಕರ ಕೈಗೆ ಒಮ್ಮೆ ಕೊಟ್ಟರೆ ನಕಲು ತೆಗೆದುಕೊಂಡು ಜೋಪಾನವಾಗಿ ಹಿಂದಿರುಗಿಸುತ್ತೇವೆ. ಯಾವ ಪೇಠೆ, ಎಷ್ಟನೆಯ ಇಸವಿ, ಎಷ್ಟು ಬಾಡಿಗೆ, ಚೌಕಿನಲ್ಲಿ ಎಷ್ಟು ಬಿಡಾರ ಎಂದು ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿದ್ದರೆ ಇನ್ನೂ ಉತ್ತಮ.